ಲಿಫ್ಟಿನವಳು ಗೋಲು ಕಾಯಬಾರದೇ?

ಕ್ರೀಡಾ ನೋಂದಣಿ ಅಧಿಕಾರಿಗಳೇ,

ನಮ್ಮ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆಗಬೇಕಾದವಳ ಅರ್ಜಿಯನ್ನು ತಾವು ಮೂರನೇ ಸಲ ತಿರಸ್ಕರಿಸಿದ್ದೀರಿ. ಕಾರಣ: ‘ಹಿಂದೆ ಆಡಿದ ಪ್ರಮಾಣಪತ್ರವಿಲ್ಲ.’ ಪ್ರಮಾಣಪತ್ರ ಬೇಕೆಂದರೆ ಆಡಿರಬೇಕು, ಆಡಬೇಕೆಂದರೆ ಪ್ರಮಾಣಪತ್ರವಿರಬೇಕು. ಈಜು ಬರುವ ತನಕ ನೀರಿಗಿಳಿಯಬೇಡ ಎನ್ನುವ ಈ ನಿಯಮ ಯಾವ ಮಹಾನುಭಾವರ ತಲೆಯಲ್ಲಿ ಹೊಳೆಯಿತು?

ಆಕೆ ಯಾರೆಂದು ತಾವು ವಿಚಾರಿಸಲಿಲ್ಲ. ದಿನಾ ತಮ್ಮನ್ನು ಐದನೇ ಮಹಡಿಗೆ ಹತ್ತಿಸುವ ಲಿಫ್ಟಿನವಳು, ಸ್ವಾಮಿ! ಎರಡು ಮಕ್ಕಳ ತಾಯಿ, ವಯಸ್ಸು ಮೂವತ್ತನಾಲ್ಕು. ಹನ್ನೊಂದು ವರ್ಷದಿಂದ ಆ ಕಿಟಕಿಯಿಲ್ಲದ ಪೆಟ್ಟಿಗೆಯೊಳಗೆ ಒಂದು ಸ್ಟೂಲಿನ ಮೇಲೆ; ಮಬ್ಬಿನಲ್ಲೇ ಬಸ್ಸು, ಕತ್ತಲಾದ ಮೇಲೆ ಮನೆ. ನಾನು ವಿಜ್ಞಾನದ ಮೇಷ್ಟ್ರು, ಬಿಡುವಿನಲ್ಲಿ ಹೆಂಗಸರ ತಂಡದ ತರಬೇತುದಾರ. ಒಮ್ಮೆ ತಮ್ಮ ಕಚೇರಿಗೆ ಬಂದಾಗ ಲಿಫ್ಟಿನಲ್ಲಿ ನನ್ನ ಕೈಯಿಂದ ಚೆಂಡು ಜಾರಿತು. ಬಾಗಿಲಾಚೆ ಪುಟಿಯುವಷ್ಟರಲ್ಲಿ ಕೂತಲ್ಲಿಂದಲೇ ಗಬಕ್ಕನೆ ಹಿಡಿದಳು. “ಭಾನುವಾರ ಮೈದಾನಕ್ಕೆ ಬಾಮ್ಮ,” ಎಂದೆ.

ಬಂದಳು. ಮೊದಲ ಚೆಂಡನ್ನೇ ಬಿಟ್ಟಳು. ತಂಡದವರು ಮುಸಿಮುಸಿ ನಕ್ಕರು. ಆಕೆ ಕತ್ತೆತ್ತಿ ನಿಂತೇ ಇದ್ದಳು.

“ಮೇಷ್ಟ್ರೇ, ಆಕಾಶ ಯಾಕೆ ನೀಲಿ?”

“ಬಿಸಿಲಲ್ಲಿ ಎಲ್ಲಾ ಬಣ್ಣಾನೂ ಇರುತ್ತಮ್ಮ. ಗಾಳಿಯ ಕಣಕ್ಕೆ ತಾಗಿ ನೀಲಿ ಜಾಸ್ತಿ ಚೆದುರುತ್ತೆ. ಅದಕ್ಕೇ ಎತ್ತ ನೋಡಿದ್ರೂ ಅದೇ ಕಾಣೋದು.”

“ಆಕಾಶ ಇಷ್ಟೊಂದು ಇದೆ ಅನ್ನೋದೇ ಮರ್ತುಹೋಗಿತ್ತು,” ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಬಂದ ಹತ್ತು ಚೆಂಡುಗಳಲ್ಲಿ ಒಂಬತ್ತನ್ನು ತಡೆದಳು. ನಕ್ಕವರೇ ಓಡಿ ಬಂದು ಅಪ್ಪಿಕೊಂಡರು.

ಕಳೆದ ವಾರ ಪಂದ್ಯವಿತ್ತು. ತಮ್ಮ ಕೃಪೆಯಿಂದ ಆಕೆ ತಂತಿಬೇಲಿಯ ಆಚೆ ನಿಂತಳು. ಗೋಲು ಕಾಯಲು ನಿಂತ ನಮ್ಮ ಟೈಲರಕ್ಕ, ಪಾಪ, ಆರು ಗೋಲು ಬಿಟ್ಟರು. ಪ್ರತಿ ಸಲವೂ ಬೇಲಿಯಾಚೆ ಈಕೆಯ ಎರಡೂ ಕೈ ತಾವಾಗಿಯೇ ಮೇಲೇಳುತ್ತಿದ್ದವು. ಆಟ ಮುಗಿದ ಮೇಲೆ ಅಂದಳು: “ಬಿಡಿ ಮೇಷ್ಟ್ರೇ. ಅಲ್ಲಿ ಪೆಟ್ಟಿಗೆ, ಇಲ್ಲಿ ಬೇಲಿ. ನನ್ನ ಹಣೇಲಿ ಬರ್ದಿರೋದು ಮೇಲೆ-ಕೆಳಗೆ ಅಷ್ಟೇ.”

ಮುಂದಿನ ತಿಂಗಳು ಆಕೆಗೆ ಮೂವತ್ತೈದು ತುಂಬುತ್ತದೆ. ಆಮೇಲೆ ವಯೋಮಿತಿ ಎಂಬ ತಮ್ಮ ಇನ್ನೊಂದು ನಿಯಮ ಕಾದು ಕೂತಿದೆ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಶನಿವಾರ ಮಧ್ಯಾಹ್ನ ಕಚೇರಿಯ ಹಿಂದಿನ ಬಯಲಿಗೆ ಬನ್ನಿ. ಆಕೆ ಕಂಬಗಳ ನಡುವೆ ನಿಲ್ಲುತ್ತಾಳೆ, ತಾವೇ ಹತ್ತು ಸಲ ಒದೆಯಿರಿ. ಎರಡು ಗೋಲಾದರೂ ಅರ್ಜಿಯನ್ನು ನಾನೇ ಹರಿದು ಹಾಕುತ್ತೇನೆ. ಆಗದಿದ್ದರೆ ಅಲ್ಲೇ ಸಹಿ ಹಾಕಿ. ಪೆನ್ನು ನಾನು ತರುತ್ತೇನೆ.

ಇಂತಿ,
ಆಸೆ ಹುಟ್ಟಿಸಿ, ಈಗ ಆಕೆಗೆ ಮುಖ ತೋರಿಸಲಾಗದ ಮೇಷ್ಟ್ರು