ಈರುಳ್ಳಿ ಅಜ್ಜಿಯ ಪ್ರಶ್ನೆ

ಮಾರ್ಚ್ ಒಂಬತ್ತು, ಭಾನುವಾರ ಬೆಳಿಗ್ಗೆ

ಪ್ರೀತಿಯ ತಂಗಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆದಿಲ್ಲ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಸಮಾಧಾನವಾಗಿ ಮುಂದೆ ಓದು. ನಿನ್ನ ಅತ್ತಿಗೆಯ ಮಂಡಿನೋವು ಕಡಿಮೆಯಾಗಿದೆ. ನನ್ನ ಗಂಟಲು ಎಂದಿನಂತೆ ಕೆಟ್ಟಿದೆ. ನಿನ್ನ ಗ್ರಂಥಾಲಯಕ್ಕೆ ಹೊಸ ಕಪಾಟು ಬಂದ ಸುದ್ದಿ ಓದಿ ಖುಷಿಯಾಯಿತು. ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲವಂತೆ. ನಮ್ಮ ಬೀದಿನಾಟಕದ ತಂಡದಲ್ಲಿ ಹತ್ತು ವರ್ಷ ಕಿರುಚಿದವಳು ಹೇಗೆ ತಡೆದುಕೊಂಡಿದ್ದೀಯೋ, ನಿನಗೇ ಗೊತ್ತು.

ತಂಡ ಬಿಟ್ಟ ದಿನ ನೀನು ನನ್ನನ್ನು "ಕಚೇರಿಯವರ ತುತ್ತೂರಿ" ಎಂದೆ. ಹನ್ನೆರಡು ವರ್ಷವಾದರೂ ಆ ಮಾತು ಮರೆತಿಲ್ಲ. ಸುಳ್ಳು ಅಂದುಬಿಡೋಣವೆಂದರೆ ಬಾಯಿ ಬರುತ್ತಿರಲಿಲ್ಲ. ನಗರಸಭೆಯ ಕಚೇರಿಯವರು ಸೊಳ್ಳೆ ಎಂದರೆ ಸೊಳ್ಳೆಯ ನಾಟಕ, ತೆರಿಗೆ ಎಂದರೆ ತೆರಿಗೆಯ ನಾಟಕ, ಹಾಡಿದ್ದೇ ಹಾಡೋ ಕಿಸುಬಾಯಿ ದಾಸ ಎಂಬಂತೆ ನಡೆದುಕೊಂಡು ಬಂತು. ಈಗ ಒಂದು ವಿಚಿತ್ರ ನಡೆದಿದೆ. ಅದನ್ನು ನಿನಗೇ ಮೊದಲು ಹೇಳಬೇಕು.

ಈ ಸಲದ ವಿಷಯ ಹೊಸ ಮಾರುಕಟ್ಟೆ. ರಸ್ತೆ ಬದಿಯ ವ್ಯಾಪಾರಿಗಳೆಲ್ಲ ಮೂರು ಮಹಡಿಯ ಹೊಸ ಕಟ್ಟಡಕ್ಕೆ ಹೋಗಬೇಕು. ನಲವತ್ತು ಪ್ರದರ್ಶನ ಮಾಡಿ ನಾವು ಅವರನ್ನು ಒಪ್ಪಿಸಬೇಕು. ನಾನು ಹಳೇ ಅಚ್ಚಿನಲ್ಲೇ ಬರೆದೆ: ಈರುಳ್ಳಿ ಮಾರುವ ಹಟಮಾರಿ ಅಜ್ಜಿ ಬರುವುದಿಲ್ಲ ಎನ್ನುತ್ತಾಳೆ, ಜನ ನಗುತ್ತಾರೆ, ಅಧಿಕಾರಿ ಬುದ್ಧಿ ಹೇಳುತ್ತಾನೆ, ಅಜ್ಜಿ ತಲೆದೂಗಿ ಹಾಡುತ್ತಾಳೆ. ಅಜ್ಜಿಯ ಪಾತ್ರ ನಮ್ಮ ದರ್ಜಿಯದು. ತಂಡದ ಪದ್ಧತಿ ನಿನಗೆ ಗೊತ್ತಲ್ಲ, ಪಾತ್ರ ಸಿಕ್ಕವರು ಅಂಥದೇ ಒಬ್ಬರ ಪಕ್ಕ ಎಂಟು ದಿನ ಕೂತು ಬರಬೇಕು, ನಡಿಗೆ, ಕೆಮ್ಮು, ತಕ್ಕಡಿ ಹಿಡಿಯುವ ರೀತಿ ಕದ್ದು ತರಲಿಕ್ಕೆ. ದರ್ಜಿ ನಿಜವಾದ ಈರುಳ್ಳಿ ಅಜ್ಜಿಯೊಬ್ಬಳ ಪಕ್ಕ ಗೋಣಿಚೀಲದ ಮೇಲೆ ಎಂಟು ದಿನ ಕೂತ. ಕೆಮ್ಮು ತಂದಿದ್ದರೆ ಸಾಕಿತ್ತು, ಪುಣ್ಯಾತ್ಮ ಅವಳ ಪ್ರಶ್ನೆಯನ್ನೂ ತಂದುಬಿಟ್ಟ.

ಮೊದಲ ಪ್ರದರ್ಶನ ಹೋದ ತಿಂಗಳು, ಬಸ್ ನಿಲ್ದಾಣದ ಹಿಂದೆ. ಕಚೇರಿಯಿಂದ ನಾಟಕ ಮಾಡಿಸುವ ಅಧಿಕಾರಿ ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ನಾಟಕದೊಳಗಿನ ಅಧಿಕಾರಿಯ ಪಾತ್ರ ನನ್ನದು. ಬುದ್ಧಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ದರ್ಜಿ ತಕ್ಕಡಿ ಕೆಳಗಿಟ್ಟು ಕೇಳಿದ:

"ಎರಡು ಈರುಳ್ಳಿ ಬೇಕಾದೋರು ಮೂರು ಮಹಡಿ ಹತ್ತಿ ಬರ್ತಾರಾ ಸ್ವಾಮಿ? ನೀವು ಬರ್ತೀರಾ?"

ನಾನು ಬರೆದದ್ದರಲ್ಲಿ ಇದು ಇರಲಿಲ್ಲ. ನನ್ನ ಮುಂದಿನ ಮಾತು "ಅಜ್ಜೀ, ಕಾಲ ಬದಲಾಗಿದೆ" ಅಂತ. ಅದನ್ನು ಹೇಳಲು ಒಂದು ಹೆಜ್ಜೆ ಮುಂದೆ ಬಂದೆ. ಜನ ನಗಲಿಲ್ಲ, ನನ್ನ ಬಾಯನ್ನೇ ನೋಡುತ್ತ ನಿಂತರು. ಹಿಂದಿನಿಂದ ಒಬ್ಬ ಹೆಂಗಸು, "ಹೇಳಪ್ಪಾ, ಬರ್ತೀಯಾ?" ಎಂದು ಕೂಗಿದಳು. "ಇಲ್ಲಮ್ಮಾ, ನಾನೂ ಬರಲ್ಲ" ಅಂದುಬಿಟ್ಟೆ. ಆಗ ಬಿದ್ದ ಚಪ್ಪಾಳೆ ನೀನು ಕೇಳಬೇಕಿತ್ತು.

ಮರುದಿನ ಅಧಿಕಾರಿ ಕರೆಸಿದರು. ಕೆಟ್ಟ ಮನುಷ್ಯರೇನಲ್ಲ, ಟೀ ತರಿಸಿಕೊಟ್ಟೇ ಬೈದರು. "ನಾಟಕ ಚೆನ್ನಾಗಿದೆ, ಅದೇ ನೋಡಿ ತೊಂದರೆ. ಆ ಪ್ರಶ್ನೆ ತೆಗೀರಿ. ಇಲ್ಲಾಂದ್ರೆ ಉಳಿದ ಮೂವತ್ತೊಂಬತ್ತು ಪ್ರದರ್ಶನ ನಿಮಗಿಲ್ಲ. ಸೋಮವಾರ ಬಂದು ಹೇಳಿ."

ದರ್ಜಿಯ ಅಂಗಡಿಯಲ್ಲಿ ತಂಡ ಸೇರಿತು. ಪ್ರದರ್ಶನ ಹೋದರೆ ಈ ವರ್ಷ ತಂಡ ಮುಚ್ಚಬೇಕಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಒಂದೇ ಒಂದು ಸಾಲು, ತೆಗೆದರಾಯಿತು ಎಂದು ನಾನೇ ಮೊದಲು ಹೇಳಿದೆ. ದರ್ಜಿ ಕಾಜಾ ಹೊಲಿಯುತ್ತ ತಲೆ ಎತ್ತದೆ ಹೇಳಿದ: "ಆಯ್ತು, ಬಿಡ್ತೀನಿ. ಆದ್ರೆ ಇನ್ಮೇಲೆ ಆ ಅಜ್ಜಿ ಹತ್ರ ಈರುಳ್ಳಿ ತರೋಕೆ ನೀನೇ ಹೋಗು."

ಸೋಮವಾರ ಕಚೇರಿಗೆ ಹೋದವನು ಏನು ಹೇಳಬೇಕೆಂದು ಮೆಟ್ಟಿಲು ಹತ್ತುವವರೆಗೂ ತೀರ್ಮಾನಿಸಿರಲಿಲ್ಲ. "ಪ್ರಶ್ನೆ ಇರಲಿ ಸಾರ್. ಉತ್ತರ ನೀವೇ ಬರ್ಕೊಡಿ. ನಿಜವಾದ ಉತ್ತರ ಆಗಿದ್ರೆ ಒಂದಕ್ಷರ ಬಿಡದೆ ಹೇಳ್ತೀನಿ" ಎಂದೆ. ಅವರು ಕೆಂಪಾದರು. ಹೊರಗೆ ಹೋಗಿ ಎಂದರು. ಮುಗಿಯಿತು ಎಂದುಕೊಂಡು ಮನೆಗೆ ಬಂದು ಮಲಗಿದೆ.

ಗುರುವಾರ ಮಧ್ಯಾಹ್ನ ಅವರೇ ದರ್ಜಿಯ ಅಂಗಡಿ ಹುಡುಕಿಕೊಂಡು ಬಂದರು! ಸ್ಟೂಲಿನ ಮೇಲೆ ಕೂತು, "ಹತ್ತು ಕಿಲೋ ಈರುಳ್ಳಿ ಹಿಡ್ಕೊಂಡು ಹತ್ತಿ ನೋಡ್ದೆ. ಎರಡನೇ ಮಹಡೀಲೇ ಕೂತ್ಕೊಂಡ್‌ಬಿಟ್ಟೆ ಕಣ್ರೀ" ಎಂದರು. ದರ್ಜಿ ನಗು ತಡೆಯಲಾರದೆ ಕತ್ತರಿ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದ. ನೆಲಮಹಡಿಯನ್ನು ಮೊಬೈಲ್ ಅಂಗಡಿಗಳಿಗೆ ಇಟ್ಟಿದ್ದರಂತೆ. ಅದನ್ನು ತರಕಾರಿಯವರಿಗೆ ಕೊಡಿ ಎಂದು ಮೇಲಿನವರಿಗೆ ಬರೆದಿದ್ದಾರೆ. ಇನ್ನೂ ಉತ್ತರ ಬಂದಿಲ್ಲ. ಅದನ್ನೇ ನಾಟಕದಲ್ಲಿ ಹೇಳಲು ಒಪ್ಪಿದರು. ಈಗ ಪ್ರತಿ ಪ್ರದರ್ಶನದ ಕೊನೆಗೆ ನಾನು, "ಕೇಳಿದ್ದೀವಿ ಅಜ್ಜೀ, ಉತ್ತರ ಬಂದಿಲ್ಲ" ಎನ್ನುತ್ತೇನೆ. ಅಲ್ಲಿಗೆ ಹಾಡಿಲ್ಲದೆ ನಾಟಕ ಮುಗಿಯುತ್ತದೆ. ಆಮೇಲೆ ವ್ಯಾಪಾರಿಗಳು ಮುಂದೆ ಬಂದು ಮಾತಾಡುತ್ತಾರೆ, ಅಧಿಕಾರಿ ಬರೆದುಕೊಳ್ಳುತ್ತಾರೆ.

ಇದು ಕಲೆಯೋ, ಇನ್ನೂ ಜಾಣ ತುತ್ತೂರಿಯೋ ಎಂದು ನೀನು ಕೇಳೇ ಕೇಳುತ್ತೀಯ. ಮೊನ್ನೆ ಅಧಿಕಾರಿ, "ಈಗ ಜನ ನಮ್ಮನ್ನ ಜಾಸ್ತಿ ನಂಬ್ತಾರೆ" ಎಂದಾಗ ನನಗೂ ನಿನ್ನ ಆ ತುತ್ತೂರಿಯ ಮಾತೇ ನೆನಪಾಯಿತು. ನನಗೆ ಗೊತ್ತಿಲ್ಲ ತಂಗಿ. ಮುಂಚೆ ಜನ ಎಲ್ಲಿ ನಗುತ್ತಾರೆ, ಎಲ್ಲಿ ತಲೆದೂಗುತ್ತಾರೆ ಎಲ್ಲ ನನಗೆ ಗೊತ್ತಿರುತ್ತಿತ್ತು. ಈಗ ಗೊತ್ತಿರುವುದಿಲ್ಲ. ಐವತ್ತೆಂಟನೇ ವಯಸ್ಸಿನಲ್ಲಿ ಪ್ರತಿ ಸಲ ಮೊದಲ ನಾಟಕದಂತೆ ಹೆದರಿಕೊಂಡೇ ಜನರ ಮುಂದೆ ನಿಲ್ಲುತ್ತೇನೆ, ಮತ್ತು ನಾನು ಬಹಳ ಸಂತೋಷವಾಗಿದ್ದೇನೆ.

ಮುಂದಿನ ಭಾನುವಾರದ ಪ್ರದರ್ಶನಕ್ಕೆ ಬಾ. ಒಂದು ದಿನದ ಮಟ್ಟಿಗೆ ಅಜ್ಜಿಯ ಪಾತ್ರ ನೀನು ಮಾಡಬೇಕಂತೆ, ಮೀಸೆ ಬೋಳಿಸಿ ಬೋಳಿಸಿ ದರ್ಜಿಗೆ ಸಾಕಾಗಿದೆ. ಮಕ್ಕಳಿಗೆ ನನ್ನ ಮುದ್ದು, ಭಾವನಿಗೆ ನಮಸ್ಕಾರ. ನಿನ್ನ ಗಂಟಲು ಗಟ್ಟಿಯಾಗಿರಲಿ, ನೂರು ಕಾಲ ಬಾಳು.

ನಿನ್ನ ಅಣ್ಣ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಮ್ಮ ಓಣಿಯವರನ್ನು ಊರಾಚೆಯ ಹೊಸ ಮನೆಗಳಿಗೆ ಕಳಿಸಿ ಓಣಿ ಖಾಲಿ ಮಾಡಿಸುವ ನಾಟಕಕ್ಕೆ ಒಪ್ಪಿಕೊಂಡೆನೆಂದು ನೀನು ತಂಡ ಬಿಟ್ಟು ಹೋದೆ. ಆ ನಾಟಕ ನೀನು ನೋಡಲಿಲ್ಲ. ಅದರಲ್ಲೂ ಒಬ್ಬ ಹಟಮಾರಿ ಮುದುಕಿ ಇದ್ದಳು, ಆ ಪಾತ್ರ ನಾನೇ ಮಾಡಿದೆ. ಅದಕ್ಕೆ ಎಂಟು ದಿನ ಯಾರ ಪಕ್ಕವೂ ಕೂರಲಿಲ್ಲ, ಅಮ್ಮನ ಪಕ್ಕ ಹುಟ್ಟಿದಾಗಿನಿಂದ ಕೂತಿದ್ದೆನಲ್ಲ. ಅಮ್ಮ ಜನರ ನಡುವೆ ನಿಂತು ನೋಡಿದಳು. ಮರುದಿನ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಹೋಗಿ ಮನೆ ಬಿಡುವ ಕಾಗದಕ್ಕೆ ಸಹಿ ಹಾಕಿ ಬಂದಳು. ಅಮ್ಮ ಖುಷಿಯಿಂದ ಒಪ್ಪಿದಳು ಎಂದು ನಿನಗೆ ನಾನು ಬರೆದದ್ದು ಸುಳ್ಳು. ಅವಳು ತಿಂಗಳಿಂದ ನನ್ನನ್ನು ಒಂದೇ ಮಾತು ಕೇಳುತ್ತಿದ್ದಳು: "ಅಲ್ಲಿ ನಮ್ಮ ಪಕ್ಕದ ಮನೇಲಿ ಯಾರಿರ್ತಾರೆ ಮಗಾ?" ಅದನ್ನು ನಾನು ಅವಳ ದನಿಯಲ್ಲೇ ನಾಟಕದಲ್ಲಿ ಹೇಳಿದೆ. ಅತಿ ಹೆಚ್ಚು ನಗು ಬಿದ್ದದ್ದು ಅದಕ್ಕೇ.