ಬೀಗ ಹಾಕಿದ್ದ ನಲವತ್ತೊಂದು ಮನೆ

ಭದ್ರಾವತಿ, ಸೋಮವಾರ

ಅವ್ವಾ, ಇದನ್ನು ಚಿಕ್ಕಮ್ಮನ ಕೈಲಿ ಎರಡು ಸಲ ಓದಿಸಿಕೋ. ಗೆದ್ದ ಸುದ್ದಿ ಇದೆ!

ಇಲ್ಲಿ ಜನ್ನಾಪುರದಲ್ಲಿ ಮಕ್ಕಳ ತೂಕ ನೋಡುವ ಸಂಶೋಧನೆಗೆಂದು ನಾವು ಹಗಲು ಹನ್ನೊಂದಕ್ಕೆ ಮನೆಮನೆಗೆ ಹೋಗುತ್ತಿದ್ದೆವು. ನಲವತ್ತೊಂದು ಮನೆಗೆ ಬೀಗ. ಅಷ್ಟೂ ಹೆಸರಿನ ಮುಂದೆ ನಮ್ಮವರು ‘ತಾಯಿಯ ಸಹಕಾರವಿಲ್ಲ’ ಎಂದು ಬರೆದಿದ್ದರು. ನನಗೆ ಮೈ ಉರಿಯಿತು. ನಾನು ಕೂಸಾಗಿದ್ದಾಗ, ನೀನು ನೆಲ್ಲಿಕಾಯಿ ಆಯಲು ಕಾಡಿಗೆ ಹೋದ ದಿನ ನಮ್ಮ ಸೋಲಿಗರ ಪೋಡಿನ ಗುಡಿಸಲಿಗೆ ತೂಕ ನೋಡಲು ಬಂದವರೂ ನನ್ನ ಆರೋಗ್ಯ ಕಾರ್ಡಿನಲ್ಲಿ ಅದನ್ನೇ ಬರೆದು ಹೋಗಿದ್ದರಲ್ಲ? ಈ ತಾಯಂದಿರು ಕೂಸುಗಳನ್ನು ಎತ್ತಿಕೊಂಡೇ ಬೆಳಿಗ್ಗೆ ಏಳಕ್ಕೇ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ ಎಂದು ನಮ್ಮ ಡಾಕ್ಟರ್ ಸೌಂದರ್ಯ ಮೇಡಂ ಜೊತೆ ಜಗಳವಾಡಿ, ತಕ್ಕಡಿಯನ್ನು ಬಸ್ ಸ್ಟಾಪಿಗೇ ಹೊತ್ತೊಯ್ದೆ.

ನೀನು ನೋಡಬೇಕಿತ್ತು! ಬೇವಿನ ಕೊಂಬೆಗೆ ಕಟ್ಟಿದ ತಕ್ಕಡಿಯಲ್ಲಿ ಕೂಸುಗಳು ಒಂದೊಂದಾಗಿ ತೂಗಾಡುತ್ತಿದ್ದರೆ, ಅಮ್ಮಂದಿರು ಟಿಫಿನ್ ಡಬ್ಬಿ ಹಿಡಿದು ಸಾಲು ನಿಂತಿದ್ದರು. ಡ್ರೈವರ್ ಯೋಗೇಶಣ್ಣ ಒಮ್ಮೆಯೂ ಹಾರ್ನ್ ಹೊಡೆಯಲಿಲ್ಲ. “ನಿಧಾನಕ್ಕೆ ತೂಗು ಮಾರಾಯ್ತಿ, ಬಸ್ಸೇನೂ ಓಡ್ಹೋಗಲ್ಲ,” ಎಂದ. ಮೂರೇ ದಿನದಲ್ಲಿ ನಲವತ್ತೊಂದು ಮನೆಯ ಮಕ್ಕಳೂ ಬಂದವು. ‘ಸಹಕಾರವಿಲ್ಲ’ ಎಂಬ ಮಾತನ್ನೇ ಮೇಡಂ ಫಾರ್ಮಿನಿಂದ ತೆಗೆಸಿದರು.

ನೆಗಡಿ ವಾಸಿಯಾಗಿದೆ, ಊಟ ಸೇರುತ್ತಿದೆ. ಈ ಅಂಚೆ ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ನನ್ನ ಆ ಹಳೆಯ ಆರೋಗ್ಯ ಕಾರ್ಡು ಪೆಟ್ಟಿಗೆಯಲ್ಲಿದೆಯಲ್ಲ, ಜೋಪಾನವಾಗಿಡು. ರೊಟ್ಟಿ ಹಬ್ಬಕ್ಕೆ ಬಂದಾಗ, ಅವರು ನಿನ್ನ ಬಗ್ಗೆ ಬರೆದದ್ದನ್ನು ನನ್ನ ಕೈಯಾರೆ ಹೊಡೆದುಹಾಕುತ್ತೇನೆ.

ನಿನ್ನ ಮಗಳು,
ರತ್ನಿ