ಖೌಸ್ ಇಲ್ಲದ ಚೀಟಿ

ಕೊಪ್ಪಳ
ತಾ. ೧೪ ಮಾರ್ಚ್ ೧೯೪೪

ತೀರ್ಥರೂಪ ಅಪ್ಪನವರಿಗೆ, ನಿಮ್ಮ ಕಳಕಮ್ಮನ ನಮಸ್ಕಾರಗಳು.

ಸೊಲ್ಲಾಪುರದ ಗಿರಣಿಯ ಹತ್ತಿಧೂಳಿಗೆ ನಿಮ್ಮ ಕೆಮ್ಮು ಹೆಚ್ಚಿಲ್ಲವಷ್ಟೆ? ಅವ್ವ ಜ್ಯೇಷ್ಠಮಧು ಕಳಿಸುತ್ತಿದ್ದಾಳೆ. ನೀವು ಅದನ್ನು ಡಬ್ಬಿಯಲ್ಲೇ ಇಡುತ್ತೀರೆಂದು ಈಗಲೇ ಬಯ್ಯುತ್ತಲೂ ಇದ್ದಾಳೆ. ಗಣಿತದಲ್ಲಿ ಈ ಸಲವೂ ನಾನೇ ಮೊದಲು. ಅದನ್ನು ತಲೆಯೆತ್ತಿ ಬರೆಯಲಾರೆ, ಕಾರಣ ಹೇಳುತ್ತೇನೆ.

ನಮ್ಮ ಮನೆಯ ಮಗ್ಗದ ಸೀರೆಯ ದಡಿಗೆ “ಎರಡು ಕೆಂಪು ಒಂದು ಬಿಳಿ, ಹಿಂಗ ಹತ್ತು ಸಲ” ಎಂದು ನೀವು ಬರೆದು ಕಳಿಸಿದ್ದಿರಿ. ಇಷ್ಟು ಮಾತೇಕೆಂದು ನಾನು ಅದನ್ನು ಲೆಕ್ಕದ ಭಾಷೆಗೆ ಇಳಿಸಿ, ಮಗ್ಗಕ್ಕೆ ಹಾಸಿನ ಉದ್ದೆಳೆ ಜೋಡಿಸುವ ಹಸನಬೀಗೆ ಚೀಟಿ ಕೊಟ್ಟೆ: ೨ ಕೆಂಪು + ೧ ಬಿಳಿ × ೧೦. ಆಕೆಗೆ ಅಂಕಿ, ಚಿಹ್ನೆಗಳನ್ನು ಕಲಿಸಿದವಳೂ ನಾನೇ. ಗುಣಿಸುವುದು ಮೊದಲು, ಕೂಡಿಸುವುದು ಆಮೇಲೆ ಎಂದಾಗ “ಹಿಂಗಾದ್ರ ನಾನೂ ಪರೀಕ್ಷಾಕ್ಕ ಕುಂದ್ರತೀನಿ ತಗೋ” ಎಂದು ನಕ್ಕಿದ್ದಳು. ಆ ನಿಯಮದಂತೆಯೇ ಎರಡು ಕೆಂಪು ಎಳೆಯ ಪಕ್ಕದಲ್ಲಿ ಹತ್ತು ಬಿಳಿ ಎಳೆ ಹಾಕಿದಳು. “ದಡಿ ಬಡಕಲಾತಲ್ಲ ಬೇಟಿ?” ಎಂದು ಕೇಳಿದಳು ಕೂಡ. ನಾನು ಪುಸ್ತಕದಿಂದ ತಲೆಯೆತ್ತದೆ “ಚೀಟ್ಯಾಗ ಬರದಷ್ಟು ಮಾಡು” ಎಂದೆ. ನೂಲು ಸಿಗದ ಈ ಯುದ್ಧಕಾಲದಲ್ಲಿ ಇಡೀ ಹಾಸು ಕೆಟ್ಟಿತು. ಎಲ್ಲರೆದುರು “ಓದು ಬಾರದವರ ಕೈಗೆ ಕೊಟ್ರ ಹಿಂಗ ಆಗೋದು” ಎಂದೆ. ನಿಮಗೂ ಹಾಗೆಯೇ ಬರೆದೆ. ಆಕೆಗೆ ಇನ್ನು ಕೆಲಸ ಕೊಡಬೇಡವೆಂದು ನಿಮ್ಮ ಉತ್ತರ ಬಂತು. ಆಕೆ ತನ್ನ ರಾಟೆ ಎತ್ತಿಕೊಂಡು ಹೋದಳು.

ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂತು. ಕೂಡಿಸಬೇಕಾದ ಅಂಕಿಗಳ ಎರಡೂ ಬದಿಗೆ ಬಾಗಿದ ಗೀಟು. ನಮ್ಮ ಮಾಸ್ತರರು ಉರ್ದುವಿನಲ್ಲಿ ಖೌಸ್ ಎನ್ನುತ್ತಾರೆ. ಅದರೊಳಗಿನದನ್ನು ಮೊದಲು ಕೂಡಿಸಿ, ಬಂದದ್ದನ್ನು ಆಮೇಲೆ ಗುಣಿಸಬೇಕು. ಬರೆಯುತ್ತಿದ್ದ ಕೈ ನಿಂತಿತು. ನನ್ನ ಚೀಟಿಯಲ್ಲಿ ಆ ಎರಡು ಗೀಟು ಇರಲಿಲ್ಲ. ತಪ್ಪಿದವಳು ಓದು ಬಲ್ಲವಳು, ಅಪ್ಪ.

ಅವ್ವನಿಗೆ ಹೇಳಿದ್ದೇನೆ. ಹಸನಬೀಯನ್ನು ಮರಳಿ ಕರೆಯಲು ನೀವು ಎರಡು ಸಾಲು ಬರೆಯಬೇಕು. ಆಶೀರ್ವಾದ ಬೇಡುವ ಮುಖವಿಲ್ಲ, ಆದರೂ ಬೇಡುತ್ತೇನೆ.

ನಿಮ್ಮ ಮಗಳು
ಕಳಕಮ್ಮ

ತಾ.ಕ.: ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ. ಹೋಗುವ ದಿನ ಹಸನಬೀ ಆ ಚೀಟಿಯನ್ನು ನನ್ನ ಕೈಗೇ ಮರಳಿಸಿ, “ಅಪ್ಪಗ ತೋರಸಬ್ಯಾಡ ಬೇಟಿ, ಮೊದಲ ನಿನ್ನ ಪರೀಕ್ಷಾ ಮುಗೀಲಿ” ಎಂದಿದ್ದಳು. ತಪ್ಪು ಚೀಟಿಯದೆಂದು ಆಕೆಗೆ ಅಂದೇ ತಿಳಿದಿತ್ತು. ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ನಿನ್ನೆ ಲೇಖನಿ ಹಿಡಿದು ಅದಕ್ಕೆ ಖೌಸ್ ಹಾಕಹೋಗಿ ಬಿಟ್ಟೆ. ಮಸಿಯ ಚುಕ್ಕೆಯೊಂದು ಬಿದ್ದಿದೆ. ನಾನು ಸೇರಿಸಿದ್ದು ಅಷ್ಟೇ.